ಬೆನ್ನುನೋವೆಲ್ಲವೂ ವಾತವಲ್ಲ
ಹಿರಿಯರ ಬೆನ್ನುನೋವನ್ನು ವಾತವೆಂದು ಬಗೆದು ಎಣ್ಣೆ ತಿಕ್ಕಿಸುವುದು ನಮ್ಮಲ್ಲಿ ರೂಢಿ. ಆದರೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಉಲ್ಬಣಿಸಿದಾಗ ಬಹುಪಾಲು ಬೆನ್ನು, ಸೊಂಟಗಳ ಮೂಳೆಗಳಿಗೆ ಹರಡುವುದು. ಅಲ್ಲಿ ಬೆಳೆಯುವ ಹೊಸ ಮೂಳೆ ಎಕ್ಸರೇಯಲ್ಲಿ ದಟ್ಟ ಬಿಳುಪಾಗಿ ಕಂಡರೂ ದುರ್ಬಲವೇ. ಕೆಲವರಲ್ಲಿ ಕಶೇರುಕ ಕುಸಿದು, ಇಲ್ಲವೆ ಗಡ್ಡೆ ಒತ್ತಿ, ಬೆನ್ನುಹುರಿ ನಲುಗುವುದು.

ಮಲಗಿದರೂ ತಗ್ಗದ ನೋವು, ಕಾಲುಗಳಲ್ಲಿ ನಿಶ್ಶಕ್ತಿ, ಜೋಮು, ಮಲಮೂತ್ರಗಳ ಹಿಡಿತ ತಪ್ಪುವುದು ಇದರ ಲಕ್ಷಣಗಳು. ಇಂತಹ ರೋಗಿಗೆ ಮರ್ದನ ಮಾಡಿದರೆ ಮೂಳೆ ಮುರಿಯಬಹುದು. ಕಟಿಬಸ್ತಿಗೆಂದು ಕಾದರೆ ಅಮೂಲ್ಯ ಸಮಯ ಕಳೆಯುವುದು. ಅಂದೇ ದೊಡ್ಡ ಆಸ್ಪತ್ರೆಗೆ ಒಯ್ದು ಎಂ.ಆರ್.ಐ. ಮಾಡಿಸಬೇಕು. ನಡೆಯುವ ಶಕ್ತಿಯಿರುವಾಗಲೇ ಸ್ಟೀರಾಯ್ಡ್, ವಿಕಿರಣ ಅಥವಾ ಶಸ್ತ್ರಚಿಕಿತ್ಸೆ ದೊರೆತರೆ ಆ ಶಕ್ತಿ ಉಳಿಯುವ ಸಂಭವ ಹೆಚ್ಚು. ಕಾಲುಗಳು ಪೂರ್ಣ ಸೋತ ಮೇಲೆ ಅದು ಮರಳುವುದು ವಿರಳ.

ಸದ್ಭಕ್ತರು ಇದನ್ನು ಮನೆಯ ಹಿರಿಯರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ.