ನಿಧಾನ ಬೇರೆ, ಸೋಮಾರಿತನ ಬೇರೆ



"ಎಷ್ಟು ಸಲ ಹೇಳಬೇಕು ನಿನಗೆ? ಗಮನ ಎಲ್ಲಿದೆ?" ಅನೇಕ ಮನೆಗಳಲ್ಲಿ ಕೇಳಿಬರುವ ಮಾತಿದು. ಕೇಳಿಸಿಕೊಳ್ಳುವವರು ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆಯಿಂದ ನರಳುವ ತಾಯಿಯೋ ಅಕ್ಕನೋ ಆಗಿದ್ದರೆ, ಈ ಮಾತು ಮೈನೋವಿಗಿಂತ ಹೆಚ್ಚು ನೋಯಿಸುತ್ತದೆ.

ಮೈಯ ಹಲವು ಕಡೆ ತಿಂಗಳುಗಟ್ಟಲೆ ಕಾಡುವ ನೋವು, ನಿದ್ದೆ ಮಾಡಿ ಎದ್ದರೂ ತೀರದ ಆಯಾಸ – ಇವು ಈ ಕಾಯಿಲೆಯ ಮುಖ್ಯ ಲಕ್ಷಣಗಳು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚಾಗಿ ಪತ್ತೆಯಾಗುತ್ತದೆ. ರಕ್ತಪರೀಕ್ಷೆಯಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಇದು ಕಾಣಿಸುವುದಿಲ್ಲ. ಆದ್ದರಿಂದಲೇ "ಏನೂ ಇಲ್ಲ, ಎಲ್ಲ ಮನಸ್ಸಿನ ಭ್ರಮೆ" ಎಂದು ಇತರರು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತಾರೆ.

ನೋವಿನೊಂದಿಗೆ ಇನ್ನೊಂದು ಕಷ್ಟವೂ ಉಂಟು. ಯೋಚನೆಗೆ ಮಂಜು ಕವಿದಂತಾಗುತ್ತದೆ. ಹೇಳಬೇಕಾದ ಪದ ನಾಲಿಗೆಯ ತುದಿಯಲ್ಲಿದ್ದರೂ ಹೊರಬರುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ತಡವಾಗುತ್ತದೆ. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘವು ಈ ಕಾಯಿಲೆಗೆ ನಿಗದಿಪಡಿಸಿದ ಮಾನದಂಡದಲ್ಲಿ ಮೈಯೆಲ್ಲ ಹರಡಿದ ನೋವು ಹಾಗೂ ಒತ್ತಿದರೆ ನೋಯುವ 18 ಜಾಗಗಳ ಪೈಕಿ 11 ಇರಬೇಕೆಂದಿತ್ತು. ಯೋಚನೆಯ ತೊಂದರೆಗೆ ಅದರಲ್ಲಿ ಸ್ಥಾನವಿರಲಿಲ್ಲ. 2010ರ ಹೊಸ ಮಾನದಂಡದಲ್ಲಿ ಆಯಾಸ ಮತ್ತು ನಿದ್ರೆಯ ಜೊತೆಗೆ ನೆನಪು ಹಾಗೂ ಯೋಚನೆಯ ತೊಂದರೆಯನ್ನೂ ಅಳೆಯಬೇಕೆಂದು ಸೇರಿಸಿದರು. ರೋಗಿಗಳು ಹೇಳುತ್ತಾ ಬಂದ ಮಾತಿಗೆ ಹೀಗೆ ಮನ್ನಣೆ ದೊರೆಯಿತು.

ಅಮೆರಿಕದ ಸಂಶೋಧಕರಾದ ಫ್ರ್ಯಾಂಕ್ ಲೆವಿಟ್ ಮತ್ತು ರಾಬರ್ಟ್ ಕಾಟ್ಸ್ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ನೆನಪಿಡುವ ಕೆಲಸದ ನಡುವೆ ಬೇರೊಂದು ವಿಷಯ ಗಮನ ಸೆಳೆದಾಗ ಈ ರೋಗಿಗಳ ನೆನಪು ಬಹಳ ಕುಗ್ಗುತ್ತದೆ ಎಂದು 2006ರಲ್ಲಿ ತಿಳಿಸಿದರು. ಕಂಡ ಪದವನ್ನು ಓದಿ ಹೇಳಲು, ಬಣ್ಣವನ್ನು ಹೆಸರಿಸಲು ಅವರಿಗೆ ಹೆಚ್ಚು ಸಮಯ ಬೇಕಾಗುತ್ತದೆ ಎಂದು 2008ರಲ್ಲಿ ತೋರಿಸಿದರು. ಅಂದರೆ ಬುದ್ಧಿ ಹೋಗಿಲ್ಲ. ಅದು ಬಾಯಿಗೆ ಬರುವ ದಾರಿ ನಿಧಾನವಾಗಿದೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಸೋಮಾರಿತನ ಎಂಬುದು ಇಚ್ಛೆಯ ದೋಷ: ಮಾಡಬಲ್ಲೆ, ಆದರೆ ಮಾಡಲೊಲ್ಲೆ. ಈ ನಿಧಾನವಾದರೋ ಶಕ್ತಿಯ ಕೊರತೆ: ಮಾಡಬೇಕೆಂದಿದ್ದೇನೆ, ಆದರೆ ಆಗುತ್ತಿಲ್ಲ. ಮೊದಲನೆಯದನ್ನು ತಿದ್ದಬಹುದು, ಎರಡನೆಯದಕ್ಕೆ ಆಸರೆಯಾಗಬೇಕು. ಜಪಸರದ ಎಣಿಕೆ ತಪ್ಪಿತು, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲ, ಇದು ಪಾಪವೇ ಎಂದು ಕೊರಗುವ ರೋಗಿಗಳಿದ್ದಾರೆ. ಬೇಕೆಂದೇ ಅಲ್ಲದೆ ಚಿತ್ತ ಚದುರಿದರೆ ಪ್ರಾರ್ಥನೆಯ ಫಲ ನಷ್ಟವಾಗದು ಎಂದು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲಿಯೇ ಬೋಧಿಸಿದ್ದಾರೆ.

ಮನೆಯವರು ಮಾಡಬಹುದಾದದ್ದು:

1. ಮಾತನಾಡುವಾಗ ಟಿ.ವಿ. ಆರಿಸಿ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ.

2. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ. ಅವರ ವಾಕ್ಯವನ್ನು ನೀವೇ ಮುಗಿಸಬೇಡಿ.

3. ಔಷಧದ ವೇಳೆ, ಹಾಲಿನ ಲೆಕ್ಕ ಮುಂತಾದವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಲೆಯ ಮೇಲೆ ಪಾತ್ರೆಯಿದ್ದಾಗ ಬೇರೆ ಕೆಲಸಕ್ಕೆ ಕರೆಯಬೇಡಿ.

4. ಅವರ ಜೊತೆ ದಿನವೂ ಸ್ವಲ್ಪ ನಡೆಯಿರಿ. ಯುರೋಪಿನ ಸಂಧಿವಾತ ತಜ್ಞರು 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಅತ್ಯಂತ ಬಲವಾಗಿ ಹೇಳಿರುವುದು ವ್ಯಾಯಾಮವನ್ನೇ. ಮೆಲ್ಲಗೆ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು.

5. ವೈದ್ಯರನ್ನು ಕಾಣಿರಿ. ಥೈರಾಯ್ಡ್ ತೊಂದರೆಯಿಂದಲೂ ಕೆಲವು ಮಾತ್ರೆಗಳಿಂದಲೂ ಯೋಚನೆ ಮಂದವಾಗಬಹುದು. ಆದರೆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಹಠಾತ್ತನೆ ಮಾತು ತೊದಲಿದರೆ ಅಥವಾ ಒಂದು ಕಡೆಯ ಕೈಕಾಲು ಸೋತರೆ, ಅದನ್ನು ಈ ಕಾಯಿಲೆಯೆಂದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಕುಟುಂಬದಲ್ಲಿ ಚರ್ಚಿಸಲು: ನಮ್ಮ ಮನೆಯಲ್ಲಿ ಯಾರ ನಿಧಾನವನ್ನು ನಾವು ಸೋಮಾರಿತನವೆಂದು ಕರೆಯುತ್ತಿದ್ದೇವೆ? ಇಂದು ಅವರ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಲು ಸಿದ್ಧರಿದ್ದೇವೆ?