ಕಂಪನಿ ಬಸ್ಸಿನ ಸೀಟೂ ಮೀನಖಂಡವೂ

ಪ್ರಶ್ನೆ: ನಮ್ಮದು ನಂಜನಗೂಡು ತಾಲ್ಲೂಕಿನ ಬಿಳಿಗೆರೆ. ತಾಂಡವಪುರದ ಕಡೆ ಫ್ಯಾಕ್ಟರಿಯೊಂದರಲ್ಲಿ ಕೆಲಸ, ವಾರಕ್ಕೊಂದು ಪಾಳಿ. ನಡುನಡುವೆ ಕಂಪನಿ ಕೆಲಸಕ್ಕೆಂದು ಬೆಂಗಳೂರು, ಹೊಸೂರಿಗೂ ಓಡಾಟ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡಿ ಅಂತ ಮೊಬೈಲು ಹೇಳುತ್ತದೆ, ನನ್ನದು ನಾಲ್ಕೈದು ಸಾವಿರ ದಾಟುವುದಿಲ್ಲ. ಜಿಮ್ಮಿಗೆ ಹೋಗಲು ಪುರಸೊತ್ತಿಲ್ಲ. ವಯಸ್ಸು ನಲವತ್ತರ ಹತ್ತಿರ, ಹೊಟ್ಟೆ ಬರುತ್ತಿದೆ. ಹೊಲದಲ್ಲಿ ದುಡಿದ ನಮ್ಮಪ್ಪನಿಗೆ ಇಲ್ಲದ ತೊಂದರೆ ನನಗೇಕೆ? ಏನು ಮಾಡಬಹುದು?

ಉತ್ತರ: ಮೊದಲು ಹತ್ತು ಸಾವಿರದ ಭಯ ಬಿಡಿ. ಯಾವ ವೈದ್ಯರೂ ಕೂತು ಲೆಕ್ಕ ಹಾಕಿ ಕೊಟ್ಟ ಸಂಖ್ಯೆ ಅದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರಿನಲ್ಲೇ ಹತ್ತು ಸಾವಿರ ಸೇರಿಕೊಂಡಿತ್ತು. ಯಂತ್ರ ಹಳೆಯದಾಯಿತು, ಸಂಖ್ಯೆ ಉಳಿಯಿತು, ಈಗ ನಿಮ್ಮ ಮೊಬೈಲಿನಲ್ಲಿ ಕೂತಿದೆ. 2019ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 17,000 ಹಿರಿಯ ಮಹಿಳೆಯರ ಹೆಜ್ಜೆಗಳನ್ನು ಅಳೆದು ಪ್ರಕಟಿಸಿದರು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆಯಿತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿ, 7,500ರ ಸುಮಾರಿಗೆ ಮಟ್ಟಸವಾಯಿತು. ಅವರ ಸರಾಸರಿ ವಯಸ್ಸು 72. ನಿಮ್ಮದು ನಲವತ್ತಾದ್ದರಿಂದ ನೀವು ಸ್ವಲ್ಪ ಹೆಚ್ಚೇ ನಡೆಯಬೇಕು, ಆದರೆ ನಾಲ್ಕೈದು ಸಾವಿರವೆಂದರೆ ಶೂನ್ಯವಲ್ಲ. ಇನ್ನೆರಡು ಮೂರು ಸಾವಿರ ಎಲ್ಲಿಂದ ತರುವುದು ಎಂಬುದಷ್ಟೇ ಪ್ರಶ್ನೆ.

ಇನ್ನು ಅಪ್ಪನ ವಿಷಯ. ಅವರಿಗೆ ತೊಂದರೆ ಇರಲಿಲ್ಲ ಎನ್ನುವ ಮೊದಲು, ಅವರ ಬಿ.ಪಿ.ಯನ್ನು ಯಾರಾದರೂ ನೋಡಿದ್ದರೇ ಎಂದು ಕೇಳಿಕೊಳ್ಳಿ. ನಮ್ಮ ಹಿಂದಿನವರ ಆರೋಗ್ಯದ ಬಗ್ಗೆ ನಾವು ಹೇಳುವ ಅರ್ಧ ಮಾತು ಅಳೆಯದೆ ಹೇಳಿದ್ದು. ಆದರೆ ಉಳಿದರ್ಧ ನಿಜ. ಕಬ್ಬಿನ ಗದ್ದೆಗೆ ನೀರು ಕಟ್ಟುವವನು, ಭತ್ತದ ನಾಟಿಗೆ ಬಗ್ಗಿದವಳು ದಿನವೆಲ್ಲ ಮೈ ಬಗ್ಗಿಸಿದ್ದರು. ಅವರ ತಟ್ಟೆಯ ಮುದ್ದೆ ಆ ದುಡಿಮೆಯ ಅಳತೆಗೇ ಇತ್ತು. ಈಗ ನೇಗಿಲು ಹೋಯಿತು, ಟ್ರ್ಯಾಕ್ಟರ್ ಬಂತು, ಮಗ ಫ್ಯಾಕ್ಟರಿ ಸೇರಿದ. ಮುದ್ದೆಯ ಗಾತ್ರ ಮಾತ್ರ ಹಾಗೇ ಉಳಿಯಿತು. ರಾಗಿ ಅಂದಮಾತ್ರಕ್ಕೆ ಅಳತೆ ಮರೆಯಬಹುದು ಎಂದು ನಮ್ಮ ಕಡೆ ತುಂಬ ಜನ ನಂಬಿದ್ದಾರೆ. ರಾಗಿಯಲ್ಲಿ ನಾರು, ಸುಣ್ಣದಂಶ ಚೆನ್ನಾಗಿದೆ ನಿಜ, ಆದರೆ ಅದೂ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮುದ್ದೆ ಚಿಕ್ಕದಾಗಲಿ, ಪಕ್ಕದ ಮಸ್ಸೊಪ್ಪು, ಹುರುಳಿಕಾಳಿನ ಸಾರು, ಅವರೆಕಾಳು ಜಾಸ್ತಿಯಾಗಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಅದರ ಪ್ರಕಾರ ವಯಸ್ಕರಲ್ಲಿ ಶೇ 11.4 ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ ಶೇ 15.3 ಮಂದಿ ಅದರ ಹೊಸ್ತಿಲಲ್ಲಿ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಕಡಿಮೆ ಇರುವುದು ಹೌದು. ಆದರೆ ಹಳ್ಳಿಯಲ್ಲಿ ಮಲಗಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಿಮ್ಮಂಥವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಮನೆ ಹಳ್ಳಿಯದು, ದಿನಚರಿ ಪಟ್ಟಣದ್ದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ‘ಪುರಸೊತ್ತಿಲ್ಲ’ ಎಂಬುದು. ವ್ಯಾಯಾಮ ಅಂದರೆ ದಿನದಿಂದ ಒಂದು ಗಂಟೆ ಕತ್ತರಿಸಿ, ಬೇರೆ ಬಟ್ಟೆ ಹಾಕಿಕೊಂಡು, ಬೇರೆ ಜಾಗಕ್ಕೆ ಹೋಗಿ ಮಾಡುವಂಥದ್ದು ಎಂದು ನಿಮ್ಮ ತಲೆಯಲ್ಲಿದೆ. ಈ ಕಲ್ಪನೆಯನ್ನು ಅಲುಗಾಡಿಸಿದ್ದು ಒಬ್ಬ ಬಸ್ ಕಂಡಕ್ಟರ್. ಒಬ್ಬನಲ್ಲ, ಸಾವಿರಾರು ಮಂದಿ.

ಜೆರೆಮಿ ಮೋರಿಸ್ ಎಂಬ ಬ್ರಿಟಿಷ್ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು, ಕಂಡಕ್ಟರುಗಳ ಹೃದ್ರೋಗದ ಲೆಕ್ಕ ತೆಗೆದು 1953ರಲ್ಲಿ ಪ್ರಕಟಿಸಿದರು. ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಥರದ ಸಂಸಾರ. ಡ್ರೈವರು ಪಾಳಿಯುದ್ದಕ್ಕೂ ಕೂತಿರುತ್ತಿದ್ದ, ಕಂಡಕ್ಟರು ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯಾಘಾತ ಡ್ರೈವರುಗಳಲ್ಲೇ ಹೆಚ್ಚು. ಆದ ಕಂಡಕ್ಟರುಗಳಿಗೂ ತಡವಾಗಿ, ಕಡಿಮೆ ತೀವ್ರವಾಗಿ ಆಗುತ್ತಿತ್ತು. ಮೋರಿಸ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ದಪ್ಪಗಿದ್ದವರೇ ಡ್ರೈವರಾಗಿ ಸೇರುತ್ತಿದ್ದರೇನೋ ಎಂಬ ಅನುಮಾನ ಬಂದು, ಸಂಸ್ಥೆ ಹೊಲಿಸಿಕೊಟ್ಟ ಸಮವಸ್ತ್ರದ ಪ್ಯಾಂಟುಗಳ ಸೊಂಟದಳತೆಯನ್ನೇ ತರಿಸಿ ನೋಡಿದರು. ಡ್ರೈವರುಗಳ ಸೊಂಟ ಅಗಲವೇ ಇತ್ತು. ಹಾಗಾಗಿ ಮೆಟ್ಟಿಲಿಗೇ ಎಲ್ಲ ಶ್ರೇಯ ಕೊಡುವಂತಿಲ್ಲ. ಆದರೆ ಅಂಚೆ ಹಂಚುವವರನ್ನೂ ಅಂಚೆ ಕಚೇರಿಯ ಗುಮಾಸ್ತರನ್ನೂ ಹೋಲಿಸಿದಾಗಲೂ ಕೂತವರೇ ಸೋತರು. ಆಮೇಲಿನ ಎಪ್ಪತ್ತು ವರ್ಷಗಳ ಅಧ್ಯಯನಗಳು ಒಟ್ಟಾರೆ ಅದೇ ದಿಕ್ಕಿಗೆ ಬೆರಳು ತೋರಿಸಿವೆ. ಆ ಕಂಡಕ್ಟರುಗಳಲ್ಲಿ ಯಾರೂ ವ್ಯಾಯಾಮ ಮಾಡುತ್ತಿದ್ದೇನೆ ಎಂದುಕೊಂಡಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದರು, ಅಷ್ಟೆ.

2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಪರಿಷ್ಕರಿಸಿದಾಗ ಇದೇ ಮಾತಿಗೆ ಬಲ ಬಂತು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು. ಒಂದೊಂದು ಸಲವೂ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತು ಹೋಯಿತು. ಮೂರು ನಿಮಿಷವೂ ಲೆಕ್ಕಕ್ಕುಂಟು. 150 ನಿಮಿಷವನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 21 ನಿಮಿಷ ಚಿಲ್ಲರೆ. ಬಿರುಸು ಎಂದರೆ ಮಾತಾಡಬಹುದು, ಹಾಡಲಾಗದು, ಅಷ್ಟು ವೇಗ. ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗುವುದು ಭಕ್ತಿ. ದೊಡ್ಡದೇ, ಆದರೆ ಉಳಿದ ಐವತ್ತೊಂದು ವಾರಗಳ ಬಾಕಿಯನ್ನು ಅದು ತೀರಿಸುವುದಿಲ್ಲ.

ಈಗ ನಿಮ್ಮ ದಿನಕ್ಕೆ ಬರೋಣ. ಕಂಪನಿ ಬಸ್ಸು ಹತ್ತುವ ಜಾಗಕ್ಕೆ ಬೈಕಿನಲ್ಲಿ ಹೋಗುತ್ತಿದ್ದರೆ, ಅದನ್ನು ನಡಿಗೆ ಮಾಡಿ. ಫ್ಯಾಕ್ಟರಿಯೊಳಗೆ ಗೇಟಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಕ್ಯಾಂಟೀನಿಗೆ ಕಾಲೆಳೆಯದೆ ಬಿರುಸಾಗಿ ಹೋಗಿ. ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಮೊಬೈಲು ತೆಗೆಯುವ ಬದಲು ಹತ್ತು ನಿಮಿಷ ಅಡ್ಡಾಡಿ. ಉಂಡ ಮೇಲಿನ ನಡಿಗೆಗೆ ವಿಶೇಷ ಬೆಲೆಯಿದೆ, ಏಕೆಂದರೆ ಊಟದ ಸಕ್ಕರೆ ರಕ್ತಕ್ಕೆ ಇಳಿಯುತ್ತಿರುವ ಹೊತ್ತಿನಲ್ಲೇ ಕಾಲಿನ ಸ್ನಾಯುಗಳು ಅದನ್ನು ಎಳೆದುಕೊಂಡು ಉರಿಸುತ್ತವೆ. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ ಎಂಬ ಗೊಣಗಾಟ ಎಲ್ಲೆಡೆ ಕೇಳುತ್ತದೆ. ನಿಮ್ಮ ವಯಸ್ಸಿನವರು ನಂಜನಗೂಡಿನಿಂದ ಮೈಸೂರಿನವರೆಗೆ ನಿಂತರೆ ನಷ್ಟವೇನೂ ಇಲ್ಲ. ಚಾಮರಾಜನಗರ–ಮೈಸೂರು ರೈಲಿನ ಹೊತ್ತು ಹೊಂದಿದರೆ ಇನ್ನೂ ಒಳ್ಳೆಯದು. ಅಲ್ಲಿ ಎದ್ದು ಬೋಗಿಯೊಳಗೆ ಓಡಾಡಬಹುದು.

ರಸ್ತೆಬದಿಯ ನಡಿಗೆಗೆ ಮಾತ್ರ ಒಂದು ಎಚ್ಚರಿಕೆ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಹೋಗುವ ಕಾಲದಲ್ಲಿ, ಮಬ್ಬುಗತ್ತಲಲ್ಲಿ, ಹಿಂದಿನ ದೀಪವಿಲ್ಲದ ಗಾಡಿಗಳ ನಡುವೆ ಹೆದ್ದಾರಿ ಅಂಚಿನ ವಾಕಿಂಗ್ ಆರೋಗ್ಯವಲ್ಲ, ಅಪಾಯ. ಬೆಳಕಿನಲ್ಲಿ ನಾಲೆ ಏರಿ ಮೇಲೆ ನಡೆಯಿರಿ. ರಸ್ತೆಯೇ ಗತಿಯಾದರೆ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವಂತೆ, ತಿಳಿ ಬಣ್ಣದ ಅಂಗಿ ತೊಟ್ಟು.

ಬೆಂಗಳೂರು, ಹೊಸೂರಿನ ದಿನಗಳೇ ಕಷ್ಟದವು. ಮೊದಲು ಬಸ್ಸು ಮದ್ದೂರಿನಲ್ಲಿ ನಿಲ್ಲುತ್ತಿತ್ತು. ವಡೆಗಾದರೂ ಜನ ಇಳಿದು ಕಾಲು ಆಡಿಸುತ್ತಿದ್ದರು. 2023ರಲ್ಲಿ ಹೊಸ ಹೆದ್ದಾರಿ ಪೂರ್ತಿಯಾಗಿ ಊರುಗಳೆಲ್ಲ ಪಕ್ಕಕ್ಕೆ ಸರಿದ ಮೇಲೆ ಅದೂ ತಪ್ಪಿತು. ವಡೆ ತಪ್ಪಿದ್ದಕ್ಕೆ ನನಗೆ ದುಃಖವಿಲ್ಲ, ಇಳಿಯುವುದು ತಪ್ಪಿದ್ದಕ್ಕಿದೆ. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ ಮೀನಿನ ಹೊಟ್ಟೆಯಂತೆ ಉಬ್ಬಿರುವ ಸ್ನಾಯುವೇ ಮೀನಖಂಡ. ಕಾಲಿಗಿಳಿದ ರಕ್ತವನ್ನು ಮೇಲಕ್ಕೆ ಒತ್ತಿ ಹೃದಯಕ್ಕೆ ಕಳಿಸುವ ಪಂಪು ಅದು. ನಾವು ನಡೆದಾಗ ಪ್ರತಿ ಹೆಜ್ಜೆಗೂ ಹಿಂಡುತ್ತದೆ, ಕೂತಾಗ ಸುಮ್ಮನಿರುತ್ತದೆ. ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಪ್ರಯಾಣ ಮಾಡಿದರೆ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತು. ವಿಮಾನಕ್ಕಷ್ಟೇ ಅಲ್ಲ, ಬಸ್ಸು ಕಾರಿಗೂ ಇದು ಅನ್ವಯ. ಆರೋಗ್ಯವಂತರಲ್ಲಿ ಮೂಲ ಸಾಧ್ಯತೆಯೇ ತೀರ ಸಣ್ಣದು, ಹೆದರಬೇಕಿಲ್ಲ. ಸೀಟಿನಲ್ಲೇ ಕೂತು ಅರ್ಧ ಗಂಟೆಗೊಮ್ಮೆ ಬೆರಳುಗಳನ್ನು ನೆಲಕ್ಕೂರಿ ಹಿಮ್ಮಡಿ ಎತ್ತಿ ಇಳಿಸಿ, ಆಮೇಲೆ ಹಿಮ್ಮಡಿ ಊರಿ ಬೆರಳೆತ್ತಿ, ಇಪ್ಪತ್ತು ಮೂವತ್ತು ಸಲ. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಪ್ರಯಾಣದ ಮರುದಿನಗಳಲ್ಲಿ ಒಂದೇ ಕಾಲು ಊದಿ ನೋವಾದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ.

ಲಾಡ್ಜಿನ ಕೋಣೆಯಲ್ಲಿ ಏನು ಮಾಡುವುದು? ನಡಿಗೆ ಸಾಲದು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಬೀಳಬೇಕು ಎಂಬುದೂ ಅದೇ 2020ರ ಸಲಹೆ. ಅದಕ್ಕೆ ಜಿಮ್ಮು ಬೇಡ, ನಮ್ಮ ಗರಡಿಮನೆಗಳ ದಂಡ, ಬಸ್ಕಿ ಸಾಕು. ಸುತ್ತೂರು ಜಾತ್ರೆಯ ಕುಸ್ತಿಯನ್ನು ನೀವೂ ನೋಡಿರುತ್ತೀರಿ. ಆ ಪೈಲ್ವಾನರ ಮೈ ಕಟ್ಟಿದ್ದು ಕಬ್ಬಿಣದ ಯಂತ್ರವಲ್ಲ. ನೀವು ಪೈಲ್ವಾನರ ಲೆಕ್ಕಕ್ಕೆ ಕೈಹಾಕಬೇಡಿ. ಕುರ್ಚಿಯ ಮುಂದೆ ನಿಂತು, ಪಾದಗಳನ್ನು ಭುಜದಷ್ಟು ಅಗಲಿಸಿ, ಹಿಮ್ಮಡಿ ನೆಲ ಬಿಡದಂತೆ, ಕೂರಲು ಹೋಗುವವರಂತೆ ಸೊಂಟವನ್ನು ಹಿಂದಕ್ಕೆ ಇಳಿಸಿ. ಕುರ್ಚಿ ತಾಕುತ್ತಿದ್ದಂತೆ ಕೂರದೆ ಎದ್ದುಬಿಡಿ. ಹತ್ತು ಸಲ, ಒಂದು ನಿಮಿಷ ಬಿಡುವು, ಮತ್ತೆ ಹತ್ತು. ದಂಡವನ್ನು ನೆಲದ ಮೇಲೆ ಮಾಡಲಾಗದಿದ್ದರೆ ಗೋಡೆಗೆ ಕೈಯೂರಿ ಶುರುಮಾಡಿ, ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ಯೋಗ ಒಗ್ಗುವವರಿಗೆ ಸೂರ್ಯನಮಸ್ಕಾರ ಇದ್ದೇ ಇದೆ. ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹುಡುಗರಿಗೆ ಆಸನ ಕಲಿಸುತ್ತ 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಪ್ರಕಟಿಸಿದರು. ಜಗತ್ತು ಮೈಸೂರಿಗೆ ಬಂದು ಕಲಿತು ಹೋಗುತ್ತಿದೆ, ನಾವು ಜಿಮ್ಮಿನ ಫೀಸು ವಿಚಾರಿಸುತ್ತಿದ್ದೇವೆ.

ಇಷ್ಟಾಗಿಯೂ, ನಿಮ್ಮ ಸ್ಥಿತಿಯಲ್ಲಿ ನಾನು ಮೊದಲು ಕಾಪಾಡುವುದು ನಿದ್ದೆಯನ್ನು. ನೀವು ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ. ವಾರವಾರವೂ ಪಾಳಿ ಬದಲಾದರೆ ದೇಹದ ಗಡಿಯಾರಕ್ಕೆ ಹೊಂದಿಕೊಳ್ಳಲು ಪುರಸೊತ್ತೇ ಸಿಗುವುದಿಲ್ಲ. ನಿದ್ದೆ ಕೆಟ್ಟವನಿಗೆ ಹಸಿವು ಹೆಚ್ಚು, ಅದೂ ಸಿಹಿ, ಕರಿದದ್ದರ ಮೇಲೆ. ಹೊಟ್ಟೆ ಬರಲು ಇದೂ ಒಂದು ದಾರಿ. ರಾತ್ರಿ ಪಾಳಿಯ ನಡುರಾತ್ರಿ ಕ್ಯಾಂಟೀನಿನ ಅನ್ನಸಾರು ಹೊಟ್ಟೆತುಂಬ ಬೇಡ. ಮನೆಯಿಂದಲೇ ಉಂಡು ಹೋಗಿ, ಅಲ್ಲಿ ಮಜ್ಜಿಗೆ, ಒಂದು ಬಾಳೆಹಣ್ಣು, ಹಿಡಿ ಕಡಲೆಕಾಯಿಯಲ್ಲಿ ಮುಗಿಸಿ. (ರಸಬಾಳೆಯೇ ಬೇಕೆಂದು ಹಟ ಹಿಡಿಯಬೇಡಿ. ಪನಾಮ ರೋಗ ಬಡಿದ ಮೇಲೆ ನಂಜನಗೂಡಿನಲ್ಲೇ ಅದು ಅಪರೂಪ.) ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಇನ್‌ಸ್ಟಂಟ್ ಕಾಫಿ ತಯಾರಾಗುತ್ತದೆ, ಸುತ್ತಲಿನ ಶೆಡ್ಡುಗಳಲ್ಲಿ ಎದ್ದಿರುವವರು ಅದನ್ನು ಕುಡಿಯುತ್ತಾರೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಐದಾರು ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಮಲಗುವವರು ರಾತ್ರಿ ಎರಡರ ನಂತರ ಕಾಫಿ ಮುಟ್ಟಬಾರದು. ಮನೆಗೆ ಬಂದು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನು ಬೇರೆ ಕೋಣೆಯಲ್ಲಿಟ್ಟು ಏಳು ಗಂಟೆ ನಿದ್ದೆ ಮಾಡಿ. ಹಗಲು ಮಲಗುವವನನ್ನು ಎಬ್ಬಿಸಿ ಬ್ಯಾಂಕಿಗೆ, ರೇಷನ್ನಿಗೆ ಕಳಿಸುವ ಅಭ್ಯಾಸ ನಮ್ಮ ಮನೆಗಳಲ್ಲಿದೆ, ಅದನ್ನು ಮಾತಾಡಿ ನಿಲ್ಲಿಸಿ. ರಾತ್ರಿ ಪಾಳಿ ಮುಗಿಸಿ ಕಣ್ಣೆಳೆಯುತ್ತಿದ್ದರೆ ಬೈಕು ಹತ್ತಲೇಬೇಡಿ. ಕಂಪನಿಯಲ್ಲೇ ಇಪ್ಪತ್ತು ನಿಮಿಷ ಒರಗಿ, ಮುಖ ತೊಳೆದು ಹೊರಡಿ. ನಿದ್ದೆಗೆಟ್ಟ ದಿನ ವ್ಯಾಯಾಮ ಬೇಕೋ ನಿದ್ದೆ ಬೇಕೋ ಎಂದರೆ, ನಿದ್ದೆ.

ತೂಕದ ಯಂತ್ರ ಕೊಳ್ಳುವುದಕ್ಕಿಂತ ದರ್ಜಿಯ ಟೇಪು ಸಾಕು. ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ, ಕೆಳಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಗಡಿ. ಪ್ಯಾಂಟಿನ ಅಳತೆ ನಂಬಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಬಿರುಸು ನಡಿಗೆಯಲ್ಲಿ ಎದೆ ಬಿಗಿದರೆ, ಮಾಮೂಲಿ ಮೆಟ್ಟಿಲಿಗೂ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ನೋಡಿ. ಈಗಾಗಲೇ ಸಕ್ಕರೆ ಕಾಯಿಲೆಯ ಮಾತ್ರೆಯಲ್ಲಿರುವವರು ಊಟದ ಹೊತ್ತು ಬದಲಿಸುವ ಮೊದಲು ಕೇಳಿಕೊಳ್ಳಬೇಕು.

ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ತಪಾಸಣೆ ಉಚಿತ. ಮುಂದಿನ ವಾರದ ರಜೆಯಂದು ಬೆಳಿಗ್ಗೆ ಏನೂ ತಿನ್ನದೆ, ನಡೆದುಕೊಂಡೇ ಹೋಗಿ ಮಾಡಿಸಿಕೊಳ್ಳಿ. ಖಾಲಿ ಹೊಟ್ಟೆಯ ಸಕ್ಕರೆ 100ರೊಳಗೆ, ಬಿ.ಪಿ. 140/90ರ ಕೆಳಗೆ ಇದ್ದರೆ ಮೇಲೆ ಹೇಳಿದ್ದನ್ನು ಶುರುಮಾಡಿ. ಮೀರಿದ್ದರೆ ವೈದ್ಯರು ಹೇಳಿದ್ದನ್ನು ಮೊದಲು ಮಾಡಿ, ಇದನ್ನು ಅದರ ಜೊತೆಗೆ ಸೇರಿಸಿಕೊಳ್ಳಿ.