ಹೆಪಟೈಟಿಸ್ ಸಿ: ಅದೇ ಇಂಜೆಕ್ಷನ್ ಒಬ್ಬರಿಗೆ ಹಿಡಿಯಿತು, ಇನ್ನೊಬ್ಬರಿಗೆ ಹಿಡಿಯಲಿಲ್ಲ, ಯಾಕೆ?

ಇಂದಿನ ವಿಷಯ ಲಿವರ್‌ಗೆ ತಗಲುವ ಹೆಪಟೈಟಿಸ್ ಸಿ. ಹತ್ತು-ಹದಿನೈದು ವರ್ಷಗಳ ಹಿಂದೆ ಇದಕ್ಕೆ ಇಂಜೆಕ್ಷನ್ ತೆಗೆದುಕೊಂಡು ಗುಣವಾಗದೆ, "ನಮ್ಮ ಮೈಗೆ ಈ ಔಷಧ ಒಗ್ಗಲ್ಲ" ಎಂದು ಕೈಬಿಟ್ಟವರು ನಿಮ್ಮ ಮನೆಯಲ್ಲೋ ಬಳಗದಲ್ಲೋ ಇದ್ದರೆ ಇದನ್ನು ಪೂರ್ತಿ ಓದಿ.

*ಹಳೆಯ ಚಿಕಿತ್ಸೆ*
ಆಗ ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ದಿನವೂ ರೈಬಾವಿರಿನ್ ಮಾತ್ರೆ. 24ರಿಂದ 48 ವಾರ. ಜ್ವರ, ಸುಸ್ತು, ರಕ್ತಹೀನತೆ, ಮನಸ್ಸಿಗೆ ಖಿನ್ನತೆ. ಇಷ್ಟೆಲ್ಲ ಸಹಿಸಿದರೂ ಅನೇಕರಿಗೆ ಫಲ ಸಿಗುತ್ತಿರಲಿಲ್ಲ. ಇಂಟರ್‌ಫೆರಾನ್ ನೇರವಾಗಿ ವೈರಸ್ ಕೊಲ್ಲುವುದಿಲ್ಲ. ನಮ್ಮ ದೇಹದ ರಕ್ಷಣಾ ಶಕ್ತಿಯನ್ನು ಎಬ್ಬಿಸುತ್ತದೆ, ಅಷ್ಟೇ. ಹಾಗಾಗಿ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

*ವಂಶದ ಪಾತ್ರ*
ಅಮೆರಿಕದ ವೈದ್ಯರು ಒಂದು ವ್ಯತ್ಯಾಸ ಗಮನಿಸಿದ್ದರು. ಪೂರ್ವ ಏಷ್ಯಾ ಮೂಲದವರಲ್ಲಿ ಹೆಚ್ಚು ಜನ ಗುಣವಾಗುತ್ತಿದ್ದರು, ಯುರೋಪ್ ಮೂಲದವರಲ್ಲಿ ಅದಕ್ಕಿಂತ ಕಡಿಮೆ, ಆಫ್ರಿಕಾ ಮೂಲದವರಲ್ಲಿ ಇನ್ನೂ ಕಡಿಮೆ. 2009ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ಪರೀಕ್ಷಿಸಿ, 19ನೇ ವರ್ಣತಂತುವಿನಲ್ಲಿ ಐಎಲ್28ಬಿ ಎಂಬ ಜೀನ್ ಪಕ್ಕದಲ್ಲಿ ಕಾರಣ ಕಂಡಿತು. ಅದೇ ವರ್ಷ ಜಪಾನ್ ಮತ್ತು ಆಸ್ಟ್ರೇಲಿಯಾದ ತಂಡಗಳಿಗೂ ಅದೇ ಜಾಗ ಸಿಕ್ಕಿತು.

ಅಲ್ಲಿ ಡಿಎನ್‌ಎಯ ಒಂದು ಅಕ್ಷರ 'ಸಿ' ಇರಬಹುದು, ಇಲ್ಲವೇ 'ಟಿ'. ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಎರಡೂ 'ಸಿ' ಇದ್ದವರು ಗುಣವಾಗುವ ಪ್ರಮಾಣ, ಎರಡೂ 'ಟಿ' ಇದ್ದವರಿಗಿಂತ ಸುಮಾರು ಎರಡು ಪಟ್ಟು. 'ಸಿ' ಪೂರ್ವ ಏಷ್ಯಾದವರಲ್ಲಿ ತುಂಬಾ ಸಾಮಾನ್ಯ, ಆಫ್ರಿಕಾ ಮೂಲದವರಲ್ಲಿ ಕಡಿಮೆ.

ಆದರೆ ಒಂದು ಮಾತು ನೆನಪಿಡಿ. ಎರಡೂ 'ಸಿ' ಇದ್ದ ಆಫ್ರಿಕಾ ಮೂಲದವರು, ಎರಡೂ 'ಟಿ' ಇದ್ದ ಯುರೋಪ್ ಮೂಲದವರಿಗಿಂತ ಚೆನ್ನಾಗಿಯೇ ಗುಣವಾದರು. ಅಂದರೆ ಮೈಬಣ್ಣವೋ ಕುಲವೋ ನೋಡಿ ಯಾರಿಗೆ ಔಷಧ ಹಿಡಿಯುತ್ತದೆ ಎಂದು ಹೇಳಲಾಗದು. ಒಂದೇ ತಾಯಿಯ ಮಕ್ಕಳಲ್ಲೂ ಈ ಅಕ್ಷರ ಬೇರೆ ಬೇರೆ ಇರಬಹುದು.

*ಈಗ ಏನು ಬದಲಾಗಿದೆ?*
ಈಗಿನ ಸೋಫೋಸ್‌ಬುವಿರ್, ಡಕ್ಲಾಟಾಸ್ವಿರ್, ವೆಲ್ಪಟಾಸ್ವಿರ್ ಮಾತ್ರೆಗಳು ನೇರವಾಗಿ ವೈರಸ್ ಬೆಳೆಯುವುದನ್ನೇ ತಡೆಯುತ್ತವೆ. ಸಾಮಾನ್ಯವಾಗಿ 12 ವಾರ, ನೂರಕ್ಕೆ ಸುಮಾರು 95 ಮಂದಿಗೆ ಗುಣ. ಹೀಗಾಗಿ ಆ ಜೀನ್ ಪರೀಕ್ಷೆಯ ಅಗತ್ಯವೇ ಈಗಿಲ್ಲ. ಹಿಂದೆ ಇಂಟರ್‌ಫೆರಾನ್ ಫಲಿಸದವರಿಗೂ ಇವು ಫಲಿಸುತ್ತವೆ. ಭಾರತದಲ್ಲಿ ಹೆಚ್ಚಾಗಿ ಕಾಣುವ 3ನೇ ಬಗೆಯ ವೈರಸ್‌ಗೂ ಇವೇ ಮಾತ್ರೆ. ಲಿವರ್ ಸಿರೋಸಿಸ್ ಆಗಿದ್ದರೆ ಮಾತ್ರ ಔಷಧ ಅಥವಾ ಅವಧಿ ಬದಲಾಗಬಹುದು.

*ನೀವು ಮಾಡಬೇಕಾದದ್ದು*
1. ಹಿಂದೆ ಚಿಕಿತ್ಸೆ ಫಲಿಸದವರು, ಅರ್ಧಕ್ಕೆ ಬಿಟ್ಟವರು ಮತ್ತೆ ವೈದ್ಯರನ್ನು ಕಾಣಿ. ನೋವಿಲ್ಲ ಎಂದು ಸುಮ್ಮನಿರಬೇಡಿ. ವೈರಸ್ ಸದ್ದಿಲ್ಲದೆ ವರ್ಷಗಟ್ಟಲೆ ಲಿವರ್ ಕೆಡಿಸುತ್ತದೆ.
2. ಬಹಳ ವರ್ಷಗಳ ಹಿಂದೆ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸುವವರು, ಶುದ್ಧವಲ್ಲದ ಸೂಜಿಯಿಂದ ಇಂಜೆಕ್ಷನ್ ಅಥವಾ ಹಚ್ಚೆ ಹಾಕಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿ.
3. ಆಂಟಿಬಾಡಿ ಪಾಸಿಟಿವ್ ಬಂದರೆ ಗಾಬರಿ ಬೇಡ. ಗುಣವಾದವರಲ್ಲೂ ಅದು ಉಳಿಯುತ್ತದೆ. ವೈರಸ್ ಈಗ ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆ ಬೇಕು.
4. ಮಾತ್ರೆ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಹೃದಯ, ಫಿಟ್ಸ್, ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ.
5. ಖರ್ಚಿನ ಚಿಂತೆಯೇ? 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಇದು ದೇಶದ ಎಲ್ಲ ರಾಜ್ಯಗಳಿಗೂ ಇರುವ ಕಾರ್ಯಕ್ರಮ. ಊರಿಗೆ ಹೋದಾಗ ನೋಡೋಣ ಎಂದು ಮುಂದೂಡದೆ, ನೀವಿರುವ ಊರಿನ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಹೆಪಟೈಟಿಸ್ ಸಿ ಒಟ್ಟಿಗೆ ಉಣ್ಣುವುದರಿಂದ, ಮಕ್ಕಳನ್ನು ಎತ್ತಿಕೊಳ್ಳುವುದರಿಂದ ಹರಡದು. ಬ್ಲೇಡ್, ಟೂತ್‌ಬ್ರಷ್, ಸೂಜಿ ಮಾತ್ರ ಹಂಚಿಕೊಳ್ಳಬೇಡಿ.

ಈ ಮಾಹಿತಿ ತಿಳುವಳಿಕೆಗಾಗಿ. ಚಿಕಿತ್ಸೆ ವೈದ್ಯರ ಸಲಹೆಯಂತೆಯೇ ಇರಲಿ. ಬೇಕಾದವರಿಗೆ ತಲುಪಿಸಿ. 🙏